ಹಲಸಿನ ಗಿಟಾರ್

ಜಾವಳಿ
೧೮ ಜೂನ್ ೨೦೨೪

ಪ್ರೀತಿಯ ಗಗನಾ,

ನಿನ್ನ ಕಾಗದ ಬಂತು. ಪೋಸ್ಟಿನ ಸುರೇಂದ್ರ, "ಬ್ಯಾಂಕಿಂದಲ್ಲದ ಕಾಗದ ಒಂದು ಬಂದದೆ ನೋಡಿ" ಅಂತ ಅಂಗಳದಿಂದಲೇ ಕೂಗಿದನಂತೆ. ನಮ್ಮ ಯಜಮಾನ್ತಿ ಪ್ರೇಮಲತಾ ಹೋಗಿ ಇಸ್ಕೊಂಡು ಬಂದಳು.

ಫೋನ್ ಯಾಕೆ ಎತ್ತುವುದಿಲ್ಲ ಅಂತ ಕೇಳಿದ್ದೀಯ. ಮಳೆ ಹಿಡಿದ ಮೇಲೆ ಇಲ್ಲಿ ಟವರ್ ಸಿಗುವುದಿಲ್ಲ, ನಿನಗೆ ಗೊತ್ತಿಲ್ಲದ್ದೇನಲ್ಲ. ಬಿಸಿಲಿದ್ದಾಗಲೂ ಯಾಕೆ ಎತ್ತಲಿಲ್ಲ ಅಂತ ಮಾತ್ರ ಕೇಳಬೇಡ. ನನಗೆ ಫೋನಿನ ಮಾತು ಸಾಕಾಗಿದೆ. ಕಾಗದವಾದರೆ ನಿಧಾನಕ್ಕೆ ಓದಬಹುದು, ಉತ್ತರ ಕೊಡು ಅಂತ ಯಾರೂ ಎದುರಿಗೆ ಕಾಯುತ್ತಾ ನಿಲ್ಲುವುದಿಲ್ಲ.

ನಿನ್ನ ಗಿಟಾರ್ ಶುರು ಮಾಡಿದ್ದೇನೆ. ಮೈಗೆ ನಿಮ್ಮಪ್ಪ ಕೊಟ್ಟ ಹಲಸಿನ ಹಲಗೆಯೇ. ನಿಮ್ಮ ಕಾಫಿ ಕಣದ ಪಕ್ಕದ ಮರ ಗಾಳಿಗೆ ಬಿತ್ತಲ್ಲ, ಆಗ ಮಂಜಯ್ಯನವರು, "ಧರ್ಮೇಶ, ಇದನ್ನ ಸೌದೆ ಮಾಡಕ್ಕೆ ನಂಗೆ ಮನಸ್ಸಿಲ್ಲ ಮಾರಾಯ. ನಿನ್ನ ಆ ಕರೆಂಟ್ ವೀಣೆಗೆ ಆಗ್ತದಾ ನೋಡು" ಅಂದಿದ್ದರು. ಅವರು ಹೋದರು, ಹಲಗೆ ನಮ್ಮ ಒಲೆ ಮೇಲಿನ ಅಟ್ಟದಲ್ಲಿ ಉಳಿಯಿತು. ಈ ಊರಿನಲ್ಲಿ ಬಿಸಿಲು ನಂಬಿಕೊಂಡು ಮರ ಒಣಗಿಸೋಕೆ ಆಗುವುದಿಲ್ಲ, ಹೊಗೆಯೇ ಗತಿ. ಮೊನ್ನೆ ಕೆಳಗಿಳಿಸಿ ಕೀಸುಳಿ ಹೊಡೆದರೆ ಮೇಲೆ ಮಸಿ, ಒಳಗೆ ಇನ್ನೂ ಅರಿಸಿನದ ಬಣ್ಣ. ಕುತ್ತಿಗೆಗೆ ಸಾಗುವಾನಿ. ಬೆರಳು ಓಡಾಡುವ ಪಟ್ಟಿಗೆ ಬೀಟೆ, ಕಳಸದ ಕಡೆ ಹಳೇ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ಬಾಗಿಲ ಚೌಕಟ್ಟಿನದ್ದು.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನಿನ್ನದು ಮುಗಿದ ಮೇಲೆ ಕೊಟ್ಟಿಗೆಗೆ ಬೀಗ. ಗರಗಸದ ಮೆಷಿನನ್ನು ಮೂಡಿಗೆರೆಯ ಅನಿಲ್ ಅವನ ಮಂಚ ಕುರ್ಚಿ ಮಾಡುವ ಅಂಗಡಿಗೆ ಕೇಳಿದ್ದಾನೆ, ಕೊಯ್ಲು ಮುಗಿದ ಮೇಲೆ ಒಯ್ಯುತ್ತಾನೆ. ಆರ್ಕೆಸ್ಟ್ರಾದಲ್ಲಿ ಬಾರಿಸಿದ್ದಾಯಿತು, ಎಸ್ಟೇಟ್ ಎಸ್ಟೇಟ್ ಸುತ್ತಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ರಿಪೇರಿ ಮಾಡಿದ್ದಾಯಿತು, ಮನೆ ಹಿಂದಿನ ಕೊಟ್ಟಿಗೆಯಲ್ಲಿ ಕೂತು ಗಿಟಾರ್ ಕಟ್ಟಿದ್ದೂ ಆಯಿತು. ದಣಿವಾಗಿದೆ. ಬೇರೆ ಕಾರಣ ಏನೂ ಇಲ್ಲ.

ನಿನ್ನ ಯಜಮಾನರು ನಂದನ್ ಅವರಿಗೆ ನನ್ನ ನಮಸ್ಕಾರ ಹೇಳು.

ಧರ್ಮೇಶ

*

ಅಜ್ಮೇರ್
೪ ಜುಲೈ ೨೦೨೪

ಧರ್ಮೇಶಣ್ಣ,

ಬೀಗವಂತೆ ಬೀಗ. ಆ ಕೊಟ್ಟಿಗೆಯ ಸಗಣಿ ಸಾರಿಸಿದ ನೆಲದ ಮೇಲೆ ಕೂತು ಮೊದಲ ಸಲ ತಂತಿ ಒತ್ತಿ ಬೆರಳು ನೋಯಿಸಿಕೊಂಡವಳು ನಾನು. ನಿಮ್ಮ ದಣಿವಿಗೆ ನಾನು ಒಪ್ಪಿಗೆ ಕೊಟ್ಟಿಲ್ಲ.

ಇಲ್ಲಿ ಮಕ್ಕಳಿಗೆ ಪಾಠ ಮಾಡುವಾಗ ನಿಮ್ಮದೇ ನೆನಪು. ನಾನು ಹೊರಗೆ ಬಾರಿಸುತ್ತಿದ್ದರೆ ನೀವು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ, "ಎರಡನೇ ತಂತಿ ಇಳಿದದೆ ಮಾರಾಯ್ತಿ, ಕಿವಿ ಎಲ್ಲಿಟ್ಟೀಯ" ಅಂತ ಕೂಗುತ್ತಿದ್ದಿರಿ. ಮಳೆ ಹಂಚಿನ ಮೇಲೆ ಹೊಡೆಯುವಾಗಲೂ ನಿಮಗೆ ಅದು ಗೊತ್ತಾಗುತ್ತಿತ್ತು. ಅಂಥ ಕಿವಿ ಇರುವವರು ಅನಿಲನಿಗೆ ಮೆಷಿನ್ ಕೊಟ್ಟು ಜಗಲಿಯಲ್ಲಿ ಕೂತು ಏನು ಮಾಡುತ್ತೀರಿ? ಅಡಿಕೆ ಜಗಿಯುತ್ತೀರಾ?

ನಮ್ಮ ಶಾಲೆಯ ಸಂಗೀತದ ಕೋಣೆಗೆ ಇನ್ನೂ ಮೂರು ಗಿಟಾರ್ ಬೇಕು. ಪ್ರಿನ್ಸಿಪಾಲರನ್ನು ಒಪ್ಪಿಸಿದ್ದೇನೆ. ಅವಸರವಿಲ್ಲ, ವರ್ಷ ತೆಗೆದುಕೊಳ್ಳಿ. ಆಗುವುದಿಲ್ಲ ಅನ್ನಬೇಡಿ.

ಇಲ್ಲಿ ಎಲ್ಲ ಇದ್ದ ಹಾಗೆ ಇದೆ. ನಿಮ್ಮ ಹತ್ತಿರ ಒಂದು ಮಾತು ಹೇಳುವುದಿದೆ, ಅದನ್ನು ಕಾಗದದಲ್ಲಿ ಬರೆಯುವುದಕ್ಕೆ ಕೈ ಬರುತ್ತಿಲ್ಲ. ಈ ತಿಂಗಳ ಮೂರನೇ ಭಾನುವಾರ ಪ್ರೇಮಲತಕ್ಕನ ಫೋನಿಗೆ ಮಾಡುತ್ತೇನೆ. ಟವರ್ ಸಿಗುವ ಕಡೆ ಇಟ್ಟುಕೊಂಡಿರಿ.

ಗಗನಾ

*

ಜಾವಳಿ
೨೩ ಜುಲೈ ೨೦೨೪

ಪ್ರೀತಿಯ ಗಗನಾ,

ಭಾನುವಾರ ನೀನು ಫೋನ್ ಮಾಡಿದ್ದು ಬಹಳ ಸಂತೋಷ. ಪ್ರೇಮಲತಾ ಬಿದಿರ ಕಳಲೆ ಮುರಿಯಲು ಹೊಳೆ ದಿಣ್ಣೆ ಕಡೆ ಹೋಗಿದ್ದಳು, ಹಾಗಾಗಿ ನಾನೇ ಎತ್ತಿದೆ. ಎಷ್ಟೋ ಕಾಲದ ಮೇಲೆ ನಿನ್ನ ದನಿ ಕೇಳಿದ ಹಾಗಾಯಿತು. ನಾನು ಆವತ್ತು ಹೇಳಿದ್ದೇ ಮಾತು, ನೀನೂ ನಂದನ್ ಅವರೂ ರಜೆಯಲ್ಲಿ ಬಂದು ನಾಲ್ಕು ದಿನ ಇದ್ದು ಹೋಗಿ. ಪ್ರೇಮಲತಾ ಕಳಲೆ ಉಪ್ಪಿನಕಾಯಿ ಹಾಕಿಟ್ಟಿರುತ್ತಾಳೆ.

ಕುತ್ತಿಗೆಯ ಕೆಲಸ ಮುಗಿಯಿತು. ನಿನ್ನ ಕೈ ಸಣ್ಣದು, ಅದಕ್ಕೆ ಹಿಂಭಾಗವನ್ನು ಸ್ವಲ್ಪ ಜಾಸ್ತಿಯೇ ತೆಳ್ಳಗೆ ಮಾಡಿದ್ದೇನೆ. ಪಾಲಿಶ್ ಹೊಡೆಯಲು ಆಗುತ್ತಿಲ್ಲ. ಈ ಥಂಡಿಯಲ್ಲಿ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಒಂದು ಸಲ ಆಯಿತು, ಎಲ್ಲ ಉಜ್ಜಿ ತೆಗೆದೆ.

ಶಾಲೆಯ ಗಿಟಾರ್ ಬೇಡ ಮಾರಾಯ್ತಿ. ಕರೆಂಟ್ ನಿಲ್ಲುವುದಿಲ್ಲ, ಭುಜ ನೋಯುತ್ತದೆ, ಒಳ್ಳೆಯ ತಂತಿ ಸಿಗುವುದಿಲ್ಲ. ನಿಮ್ಮ ಪ್ರಿನ್ಸಿಪಾಲರಿಗೆ ಅಂಗಡಿಯಲ್ಲಿ ಕೊಳ್ಳಲು ಹೇಳು, ಚೆನ್ನಾಗಿರುತ್ತವೆ.

ನಂದನ್ ಅವರನ್ನು ಕೇಳಿದೆ ಅಂತ ಹೇಳು.

ಧರ್ಮೇಶ

*

ಅಜ್ಮೇರ್
೮ ಆಗಸ್ಟ್ ೨೦೨೪

ಧರ್ಮೇಶಣ್ಣ,

ನಿಮ್ಮ ಕಾಗದ ಓದಿದೆ. ಗಿಟಾರ್ ಯಾವಾಗ ಆಗುತ್ತದೋ ಆಗ ಕಳಿಸಿ. ಶಾಲೆಯ ವಿಷಯ ಬಿಟ್ಟುಬಿಡಿ, ನಾನು ಇನ್ನು ಕೇಳುವುದಿಲ್ಲ. ಊರಿಗೆ ಸದ್ಯಕ್ಕೆ ಬರುವುದಿಲ್ಲ.

ಗಗನಾ

*

ಜಾವಳಿ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಗಗನಾ,

ನಿನ್ನ ಕಾಗದ ಎಷ್ಟು ಚಿಕ್ಕದಿತ್ತು ಅಂದರೆ ಲಕೋಟೆಯನ್ನು ಎರಡು ಸಲ ಕೊಡವಿ ನೋಡಿದೆ. ಶಾಲೆಯ ಕೆಲಸ ಒಲ್ಲೆ ಅಂದಿದ್ದಕ್ಕೆ ಸಿಟ್ಟು ಬಂತಾ? ಸಿಟ್ಟು ಬಂದರೆ ಬೈದು ಬರೆ. ನೀನು ಬೈಯದೆ ಸುಮ್ಮನಾಗುವವಳಲ್ಲ, ಅದೇ ನನಗೆ ಹೆದರಿಕೆ.

ಪ್ರೇಮಲತಾಗೆ ತೋರಿಸಿದೆ. "ನೀವು ಆವತ್ತು ಫೋನಲ್ಲಿ ಏನಂದ್ರಿ ಅವಳಿಗೆ?" ಅಂತ ಕೇಳಿದಳು. ಒಳ್ಳೆಯದನ್ನೇ ಹೇಳಿದೆ ಅಂದೆ. ಅವಳು ನನ್ನ ಮುಖ ನೋಡಿ ಕಾಗದ ಮಡಚಿ ಕೊಟ್ಟಳು. ಅವಳಿಗೂ ಈಚೆಗೆ ನನ್ನ ಹತ್ತಿರ ಮಾತಾಡಿ ಸಾಕಾಗಿದೆ.

ನಾಲ್ಕು ದಿನ ಬಿಸಿಲು ಬಂದಿತ್ತು, ಪಾಲಿಶ್ ಆಯಿತು. ತಂತಿಯ ದನಿ ಹಿಡಿಯುವ ಪಿಕಪ್‌ಗಳಿಗೆ ಕೂದಲೆಳೆಯ ತಾಮ್ರ ಸುತ್ತುತ್ತಿದ್ದೇನೆ. ಪ್ರೇಮಲತಾಳ ಹೊಲಿಗೆ ಮೆಷಿನಿನ ಮೋಟರೇ ಅದಕ್ಕೆ. ಗೌರಿ ಹಬ್ಬದ ರವಿಕೆಗಳೆಲ್ಲ ಹಾಗೇ ಉಳಿದವು ಅಂತ ಅವಳು ಗೊಣಗಿದಳು. ಗೊಣಗಿದಳು ಅಂದುಕೊಂಡೆ, ಮುಖ ಹಾಗಿತ್ತು.

ಒಂದು ಸಾಲು ಬರೆ.

ಧರ್ಮೇಶ

*

ಜಾವಳಿ
೨೧ ಅಕ್ಟೋಬರ್ ೨೦೨೪

ಗಗನಾ,

ನಿನ್ನ ಸಾಲು ಬರಲಿಲ್ಲ. ಗಿಟಾರನ್ನು ಇವತ್ತು ಪಾರ್ಸೆಲ್ ಮಾಡಿದೆ. ಪೆಟ್ಟಿಗೆಯ ಒಳಗೆ ಭತ್ತದ ಹುಲ್ಲು ತುಂಬಿದ್ದೇನೆ, ನಿಮ್ಮ ಶಾಲೆಯವರು ನಗಬಹುದು, ನಗಲಿ.

ಅದು ಹೇಗಿದೆ ಅಂತ ನಾನೇ ಹೇಳಬಾರದು. ತೂಕ ಸರಿಯಾಗಿದೆ. ತೊಡೆಯ ಮೇಲೆ ಇಟ್ಟರೆ ತಲೆ ಕೆಳಗೆ ಜಗ್ಗುವುದಿಲ್ಲ. ದಪ್ಪ ತಂತಿ ಮೀಟಿದರೆ ಮರ ಬಹಳ ಹೊತ್ತು ನಡುಗುತ್ತದೆ, ನಿಮ್ಮಪ್ಪನ ಹಲಸು ಸುಳ್ಳು ಹೇಳುವುದಿಲ್ಲ. ಪ್ರೇಮಲತಾಗೆ ಕೇಳಿಸಿದೆ, ಚೆನ್ನಾಗಿದೆ ಅಂದಳು. ಅವಳು ಎಲ್ಲಕ್ಕೂ ಹಾಗೇ ಅನ್ನುವುದು.

ಇಷ್ಟು ವರ್ಷದಲ್ಲಿ ಕಟ್ಟಿದ್ದರಲ್ಲಿ ಇದರ ಮೇಲೆ ನನಗೆ ಹೆಚ್ಚು ಪ್ರೀತಿ. ಕೊನೆಯದ್ದಕ್ಕೆ ಇರಬೇಕು. ಬೇಲಿಯ ತನಕ ಹೋಗಿ, ಪೆಟ್ಟಿಗೆ ಒಯ್ದ ಆಟೋ ಕಣ್ಣಿಗೆ ಮರೆಯಾಗುವವರೆಗೂ ನಿಂತಿದ್ದೆ.

ಧರ್ಮೇಶ

*

ಅಜ್ಮೇರ್
೧೨ ನವೆಂಬರ್ ೨೦೨೪

ಧರ್ಮೇಶಣ್ಣ,

ಗಿಟಾರ್ ಬಂದು ವಾರದ ಮೇಲಾಯಿತು. ಸಿಟ್ಟಿನಲ್ಲಿ ಪೆಟ್ಟಿಗೆ ಬಿಚ್ಚದೆ ಮಂಚದ ಕೆಳಗೆ ತಳ್ಳಿದ್ದೆ. ಬಿಚ್ಚಿದ ಮೇಲೆ ಆ ಹಲಸಿನ ಬಣ್ಣ ನೋಡಿ ಅಳು ಬಂತು. ಅಪ್ಪ ಕಣದಲ್ಲಿ ಕಾಫಿ ಕೆದಕುತ್ತಾ ಅದೇ ಮರದ ನೆರಳಿಗೆ ಬಂದು ನಿಲ್ಲುತ್ತಿದ್ದರು.

ಆದರೆ ಅಣ್ಣ, ಇದು ನಿಮ್ಮ ಕೆಲಸದ ಹಾಗಿಲ್ಲ. ಇಲ್ಲಿನ ಒಣ ಹವೆಗೆ ಬೀಟೆ ಸೆಳೆದುಕೊಂಡು ಅದರ ಮೇಲಿನ ಫ್ರೆಟ್ ಸರಿಗೆಗಳ ತುದಿಗಳು ಹೊರಗೆ ಚುಚ್ಚುತ್ತಿವೆ, ಅದು ನಿಮ್ಮ ತಪ್ಪಲ್ಲ, ಅರ ಹಿಡಿದು ಉಜ್ಜಿಕೊಂಡೆ. ಆಂಪ್ಲಿಫೈಯರಿಗೆ ಹಾಕಿದರೆ ಮಾತ್ರ ಒಂದೇ ಸಮನೆ ಗುಂಯ್ ಅನ್ನುತ್ತದೆ, ತಂತಿ ಮುಟ್ಟಿದರೆ ಇನ್ನೂ ಜೋರು. ಅರ್ಥ್ ವೈರಿನ ಬೆಸುಗೆ ಬಿಟ್ಟಿರಬೇಕು. ಬಾಗಿಲಾಚೆ ಇದ್ದವರಿಗೂ ಕೇಳಿಸುವ ಸದ್ದು ನಿಮಗೆ ಹೇಗೆ ತಪ್ಪಿತು?

ಮತ್ತೊಂದು. ಕುತ್ತಿಗೆಯ ಪಕ್ಕಕ್ಕೆ ಚಾಚಿದ ಮೇಲಿನ ಕೊಂಬಿನ ತುದಿಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಮುಂದೆ ಒಂದು ಸಾಲು, ಹಿಂದೆ ಒಂದು ಸಾಲು. ದಾರಿಯಲ್ಲಿ ಆದದ್ದಲ್ಲ, ಪಾಲಿಶ್ ಅವುಗಳ ಮೇಲೇ ಕೂತಿದೆ. ಕೊಟ್ಟಿಗೆಯಲ್ಲಿ ಇಲಿ ಸೇರಿದೆಯಾ? ಇಲಿ ಕಡಿದದ್ದನ್ನು ನೋಡಿಯೂ ಹಾಗೇ ಪಾಲಿಶ್ ಹೊಡೆದಿರಾ? ಗಗನಾಳದ್ದು ತಾನೇ, ಹೇಗಿದ್ದರೂ ನಡೆಯುತ್ತದೆ ಅಂದುಕೊಂಡಿರಾ?

ಬರೆಯಬಾರದು ಅಂದುಕೊಂಡಿದ್ದೆ, ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಜುಲೈನಲ್ಲಿ ಫೋನ್ ಮಾಡಿ ನಾನು ಏನು ಹೇಳಿದೆ, ನೀವು ಏನಂದಿರಿ ನೆನಪಿದೆಯಾ? ನಂದನ್ ಮನೆ ಬಿಟ್ಟು ಹೋದರು, ಇನ್ನು ಒಟ್ಟಿಗಿರುವುದಿಲ್ಲ ಅಂತ ಕೋರ್ಟಿಗೆ ಹಾಕಿದ್ದೇವೆ ಅಂದೆ. ಅಪ್ಪ ಇಲ್ಲ, ಮೊದಲು ನಿಮಗೆ ಹೇಳಬೇಕು ಅನ್ನಿಸಿತ್ತು. ನೀವು ನಗುತ್ತಾ, "ಒಳ್ಳೇದಾಯ್ತು ಬಿಡು ಮಾರಾಯ್ತಿ, ಇಬ್ರೂ ಒಟ್ಟಿಗೆ ಬನ್ನಿ" ಅಂದಿರಿ. ನಾನು ಮತ್ತೆ ಹೇಳಿದೆ. ನೀವು "ಹೌದೌದು, ಇಲ್ಲೂ ಮಳೆ" ಅಂದು ಇಟ್ಟಿರಿ. ಎರಡು ದಿನ ಬಿಟ್ಟು ಬರೆದ ಕಾಗದದಲ್ಲೂ ಅವರನ್ನು ಕೇಳಿದೆ ಅಂತ ಹೇಳು ಅಂದಿರಿ.

ಕೇಳಬೇಕು ಅನ್ನಿಸದ ಮಾತು ಅಂತ ಪಕ್ಕಕ್ಕೆ ಸರಿಸಿದಿರಾ? ಗಂಡನನ್ನು ಬಿಟ್ಟವಳು ಅಂತ ನಿಮಗೂ ನಾನು ಬೇಡವಾದೆನಾ? ಇದೊಂದಕ್ಕೆ ಉತ್ತರ ಬರೆಯಿರಿ. ಗಿಟಾರಿನ ವಿಷಯ ಆಮೇಲೆ.

ಗಗನಾ

*

ಜಾವಳಿ
೨೫ ನವೆಂಬರ್ ೨೦೨೪

ಗಗನಾ,

ಇಲಿಯಲ್ಲ, ನಾನು. ಅವು ನನ್ನ ಹಲ್ಲಿನ ಗುರುತು.

ನನಗೆ ಕಿವಿ ಕೇಳುವುದಿಲ್ಲ. ಬಲಗಡೆ ಹೋಗಿ ಎರಡು ವರ್ಷವಾಯಿತು. ಎಡಗಡೆಯದ್ದು ಈ ಬೇಸಿಗೆಯಲ್ಲಿ ಹೋಯಿತು. ಪಲ್ಪರಿನ ಪಕ್ಕ, ಕಳೆ ಹೊಡೆಯುವ ಮೆಷಿನಿನ ಪಕ್ಕ, ಆರ್ಕೆಸ್ಟ್ರಾದ ಸ್ಪೀಕರ್ ಪಕ್ಕ ನಿಂತು ನಿಂತು ನರ ಸತ್ತಿದೆ ಅಂದರು ಚಿಕ್ಕಮಗಳೂರಿನ ಡಾಕ್ಟರು. ಕಿವಿಗೆ ಹಾಕುವ ಮೆಷಿನ್ ಕೊಟ್ಟರು. ಅದನ್ನು ಹಾಕಿದರೆ ಮಾತೆಲ್ಲ ತಗಡಿನ ಡಬ್ಬದೊಳಗೆ ಕಲ್ಲು ಕುಲುಕಿದ ಹಾಗೆ. ಪ್ರೇಮಲತಾಳ ದನಿಯೂ ಹಾಗೇ ಆಯಿತು. ಅವಳ ದನಿ ಹಾಗಾಗುವುದು ನನಗೆ ಬೇಡ, ತೆಗೆದು ಗೂಡಿನಲ್ಲಿಟ್ಟೆ.

ಪ್ರೇಮಲತಾ ಬಿಟ್ಟರೆ ಯಾರಿಗೂ ಹೇಳಿಲ್ಲ. ಕಿವುಡ ಕಟ್ಟಿದ ಗಿಟಾರನ್ನು ಯಾರು ಮುಟ್ಟುತ್ತಾರೆ? ನಿನಗಂತೂ ಹೇಳುವುದಕ್ಕೇ ಆಗಲಿಲ್ಲ. ಅಡುಗೆಮನೆಯಿಂದ ಎರಡನೇ ತಂತಿ ಅಂತ ಕೂಗುತ್ತಿದ್ದಿರಿ ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಓದಿ ಒಂದು ದಿನ ಕೊಟ್ಟಿಗೆಗೆ ಹೋಗಲಿಲ್ಲ.

ಕಿವಿ ಹೋದರೂ ದಪ್ಪ ತಂತಿಯದ್ದು ಹಲ್ಲಿನಿಂದ ಬರುತ್ತದೆ. ಕೊಂಬನ್ನು ಕಚ್ಚಿಕೊಂಡು ಮೀಟಿದರೆ ದವಡೆಯಿಂದ ತಲೆಗೆ ಹತ್ತುತ್ತದೆ. ಪೂರ್ತಿ ಅಲ್ಲ, ಸಣ್ಣ ತಂತಿಯದ್ದು ಬರುವುದೇ ಇಲ್ಲ. ಹಾಗೆ ಕಚ್ಚಿ ಕಚ್ಚಿ ಮರ ಎಲ್ಲಿ ನಡುಗುತ್ತದೆ, ಎಲ್ಲಿ ಸತ್ತಿದೆ ಅಂತ ನೋಡಿಕೊಂಡು ಒಳಗಡೆ ಕೆತ್ತಿದೆ. ಗುರುತನ್ನು ಉಜ್ಜಿ ತೆಗೆದಿದ್ದೆ, ಹೋಯಿತು ಅಂದುಕೊಂಡಿದ್ದೆ. ಕೊಟ್ಟಿಗೆಯ ಬೆಳಕು ನಿನಗೆ ಗೊತ್ತಲ್ಲ. ಗುಂಯ್ ಅನ್ನುವ ಸದ್ದು ಸ್ಪೀಕರಿನದ್ದು, ಅದು ಹಲ್ಲಿಗೆ ಎಲ್ಲಿ ಬರಬೇಕು? ಪ್ರೇಮಲತಾಗೆ ಅದು ಕೇಳಿಸಿತ್ತು. ಕರೆಂಟಿನ ಗಿಟಾರ್ ಅಂದರೆ ಹಾಗೇ ಇರುತ್ತದೇನೋ ಅಂದುಕೊಂಡಳಂತೆ.

ಫೋನಿನ ವಿಷಯ. ಅದು ಮೇಜಿನ ಮೇಲೆ ನಡುಗುತ್ತಿತ್ತು, ನಿನ್ನ ಹೆಸರು ಕಾಣುತ್ತಿತ್ತು. ಎತ್ತದಿದ್ದರೆ ನಿನಗೆ ಬೇಜಾರಾಗುತ್ತದೆ ಅಂತ ಎತ್ತಿದೆ. ನನಗೆ ಒಂದು ಅಕ್ಷರ ಕೇಳಿಸಲಿಲ್ಲ. ಹೇಳುವುದಿದೆ ಅಂತ ಬರೆದಿದ್ದೆಯಲ್ಲ, ಮಗು ಗಿಗು ಆಗುವುದಿದೆಯೋ ಏನೋ ಅಂತ ನಾನೇ ಲೆಕ್ಕ ಹಾಕಿಕೊಂಡು ನಕ್ಕೆ. ಫೋನಿನಲ್ಲಿ ಎಲ್ಲರೂ ಮಳೆ ಕೇಳುತ್ತಾರೆ ಅಂತ ಮಳೆ ಹೇಳಿದೆ.

ಇದನ್ನು ಬರೆಯುತ್ತಾ ಕಣ್ಣಲ್ಲಿ ನೀರು ಬರುತ್ತಿದೆ. ನಿನ್ನಂಥವಳು ಅಷ್ಟು ದೂರದಿಂದ ಅಂಥ ಮಾತು ಹೇಳುವಾಗ ನಾನು ಇಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೆ. ನನ್ನನ್ನು ಬೈ. ನೀನು ಬೇಡವಾಗುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ.

ಗಿಟಾರನ್ನು ವಾಪಸ್ ಕಳಿಸು. ಬೆಸುಗೆ ಹಾಕಿ, ಗುರುತೆಲ್ಲ ಉಜ್ಜಿ ತೆಗೆದು ಹೊಸದಾಗಿ ಪಾಲಿಶ್ ಮಾಡಿಕೊಡುತ್ತೇನೆ. ಅನಿಲ್ ಮೆಷಿನ್ ಒಯ್ಯುವ ಮುಂಚೆ ಆಗಬೇಕು. ಬೀಗ ಯಾಕೆ ಅಂತ ಈಗ ನಿನಗೂ ಗೊತ್ತಾಯಿತಲ್ಲ.

ಧರ್ಮೇಶ

*

ಅಜ್ಮೇರ್
೯ ಡಿಸೆಂಬರ್ ೨೦೨೪

ಧರ್ಮೇಶಣ್ಣ,

ಗಿಟಾರ್ ವಾಪಸ್ ಬರುವುದಿಲ್ಲ. ಬೆಸುಗೆಯನ್ನು ಶಾಲೆಯ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿದೆ, ಸದ್ದು ನಿಂತಿತು.

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಎರಡು ವರ್ಷ ಮುಚ್ಚಿಟ್ಟಿರಲ್ಲ! ನಾನೂ ಮುಚ್ಚಿಟ್ಟಿದ್ದೆ ಅನ್ನುವುದು ಆಮೇಲೆ ನೆನಪಾಯಿತು. ನಂದನ್ ವಿಷಯ ಇಲ್ಲಿ ಯಾರಿಗೂ ಹೇಳಿರಲಿಲ್ಲ, ಸಹಿ ಆದ ದಿನವೂ ಪಾಠ ಮಾಡಿದೆ. ಮುಗಿಯಿತು ಅಣ್ಣ, ಜಗಳವಿಲ್ಲದೆ ಮುಗಿಯಿತು. ಅಳುವುದಕ್ಕೂ ಆಯಾಸ. ನಿಮ್ಮ "ಇಬ್ರೂ ಒಟ್ಟಿಗೆ ಬನ್ನಿ" ನೆನಪಾಗಿ ಮೊನ್ನೆ ಒಬ್ಬಳೇ ನಕ್ಕೆ. ಐದು ತಿಂಗಳಲ್ಲಿ ಅದೇ ಮೊದಲ ನಗು.

ನಿನ್ನೆ ಮಧ್ಯಾಹ್ನ ಸಂಗೀತದ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಕಿವಿಗೂ ಹತ್ತಿ ತುರುಕಿದೆ. ಹೊರಗಿನ ಸದ್ದೂ ಕೇಳದ ಹಾಗೆ ಮೇಲೆ ಶಾಲು ಬಿಗಿದೆ. ನಿಮ್ಮ ಗುಳಿಗಳಲ್ಲೇ ನನ್ನ ಹಲ್ಲು ಇಟ್ಟು ಕಚ್ಚಿಕೊಂಡೆ. ನಿಮ್ಮ ದವಡೆ ದೊಡ್ಡದು, ಪೂರ್ತಿ ಕೂರಲಿಲ್ಲ. ದಪ್ಪ ತಂತಿ ಮೀಟಿದೆ. ತಲೆಯೊಳಗೆ ಒಂದು ಮನೆಯೇ ನಡುಗಿದ ಹಾಗಾಯಿತು. ಬಿಡುವುದಕ್ಕೆ ಮನಸ್ಸಾಗದೆ ಮತ್ತೆ ಮತ್ತೆ ಮೀಟಿದೆ. ನೀವು ಎಷ್ಟು ತಿಂಗಳಿಂದ ಅಷ್ಟನ್ನೇ ಕೇಳಿಕೊಂಡು ಇದನ್ನು ಕಟ್ಟಿದಿರಿ ಅಂತ ಗೊತ್ತಾಯಿತು. ಸಣ್ಣ ತಂತಿಯದ್ದು ನನಗೂ ಹಲ್ಲಿಗೆ ಬರಲಿಲ್ಲ. ಹತ್ತಿ ತೆಗೆದು ಕೇಳಿದೆ, ಸಣ್ಣ ತಂತಿ ಹೇಗಿದೆ ಅಂತ ಹೇಳಲೇ? ಸ್ವಲ್ಪ ಚೂಪು. ಮುಂದಿನದಕ್ಕೆ ಪಿಕಪ್ ಸುತ್ತು ಒಂಚೂರು ಜಾಸ್ತಿ ಹಾಕಿ.

ಮುಂದಿನದು ಅಂತ ಬೇಕೆಂದೇ ಬರೆದಿದ್ದೇನೆ. ಶಾಲೆಯ ಮಾತು ಬಿಡಿ, ಪ್ರಿನ್ಸಿಪಾಲರು ಅಂಗಡಿಯದ್ದೇ ತರಿಸಿದರು. ನೀವು ಒಂದು ಮಾಡಿ, ಯಾರಿಗೆ ಅಂತ ಆಮೇಲೆ ನೋಡೋಣ. ಸ್ಪೀಕರಿನ ಗುಂಯ್ ಕೇಳುವುದಕ್ಕೆ ಪ್ರೇಮಲತಕ್ಕ ಇದ್ದಾರೆ, ಅದು ಇರಬಾರದ ಸದ್ದು ಅಂತ ಹೇಳಿಕೊಡಿ. ಉಳಿದದ್ದು ನಾನು ಕೇಳಿ ಬರೆಯುತ್ತೇನೆ. ಆಗುವುದಿಲ್ಲ ಅನ್ನಿಸಿದರೆ ಅನಿಲನಿಗೆ ಕೊಟ್ಟುಬಿಡಿ. ಈ ಸಲ ನಾನು ಹಟ ಹಿಡಿಯುವುದಿಲ್ಲ, ನನಗೂ ಹಟಕ್ಕೆ ತ್ರಾಣವಿಲ್ಲ. ಆದರೆ ಕಿವುಡ ಕಟ್ಟಿದ್ದನ್ನು ಯಾರು ಮುಟ್ಟುತ್ತಾರೆ ಅಂತ ಮಾತ್ರ ಇನ್ನೊಮ್ಮೆ ಬರೆಯಬೇಡಿ. ನಾನು ದಿನಾ ಮುಟ್ಟುತ್ತಿದ್ದೇನೆ.

ಗಗನಾ

*

ಜಾವಳಿ
೩ ಫೆಬ್ರವರಿ ೨೦೨೫

ಪ್ರೀತಿಯ ಗಗನಾ,

ಉತ್ತರ ತಡವಾಯಿತು. ಕೊಯ್ಲಿನ ಗಲಾಟೆ. ಈ ಸಲ ಪಲ್ಪರ್ ರಿಪೇರಿಗೆ ಹೋಗುವುದಿಲ್ಲ ಅಂದಿದ್ದೆ, ಆದರೂ ಮನೆಗೇ ಬಂದು ಎಳೆದೊಯ್ದರು. ಮೆಷಿನಿನ ಮೇಲೆ ಕೈಯಿಟ್ಟು ಬೇರಿಂಗ್ ಹೋಗಿದೆ ಅಂದೆ, ಹೋಗಿತ್ತು. ಮೈಯೆಲ್ಲ ನೋವು. ವಯಸ್ಸಾಯಿತು, ಅದನ್ನು ನೀನು ಕಾಗದ ಬರೆದು ಕಮ್ಮಿ ಮಾಡಲಾರೆ.

ಕಳೆದ ವಾರ ಅನಿಲ್ ಗಾಡಿ ತೆಗೆದುಕೊಂಡು ಬಂದಿದ್ದನಂತೆ. ಅಂಗಳದಲ್ಲಿ ನಿಂತು ಬಹಳ ಹೊತ್ತು ಹಾರ್ನ್ ಹೊಡೆದನಂತೆ. ನಾನು ಕೊಟ್ಟಿಗೆಯಲ್ಲಿ ಬೆನ್ನು ತಿರುಗಿಸಿಕೊಂಡು ಹಲಗೆ ಕೊಯ್ಯುತ್ತಿದ್ದೆ. ಪ್ರೇಮಲತಾ ಹೋಗಿ, "ಈಗ ಆಗಾದಿಲ್ಲ ಅನಿಲ್, ಮೆಷಿನ್ ಕೆಲಸದಲ್ಲಿ ಅದೆ. ಅವ್ರಿಗೆ ಕಿವಿ ಕೇಳಾದಿಲ್ಲ, ನೀನು ಹಾರ್ನ್ ಹೊಡ್ದು ಪ್ರಯೋಜ್ನ ಇಲ್ಲ" ಅಂತ ಹೇಳಿ ಕಳಿಸಿದಳಂತೆ. ಹೀಗಾಗಿ ಈಗ ಮೂಡಿಗೆರೆಗೆಲ್ಲ ಗೊತ್ತಾಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಬಾಯಿ ದೊಡ್ಡದು ಮಾಡಿ ಮಾತಾಡುತ್ತಾರೆ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

ಮಂಜಯ್ಯನವರ ಹಲಗೆಯಲ್ಲಿ ಒಂದು ತುಂಡು ಉಳಿದಿತ್ತು. ಅದನ್ನೇ ಹಿಡಿದಿದ್ದೇನೆ. ಪಿಕಪ್‌ಗೆ ಸುತ್ತು ಜಾಸ್ತಿ ಹಾಕಿದೆ. ಸ್ಪೀಕರಿನ ಎದುರು ಪ್ರೇಮಲತಾ ಕೂರುತ್ತಾಳೆ. ಗುಂಯ್ ಅಂದರೆ ಕೈ ಎತ್ತು ಅಂತ ಹೇಳಿದ್ದೇನೆ. ಈಗ ಅವಳು ಎಲ್ಲದಕ್ಕೂ ಕೈ ಎತ್ತುತ್ತಾಳೆ, ಹೊರಗೆ ಜೀಪ್ ಹೋದರೂ ಎತ್ತುತ್ತಾಳೆ. ನಡೆಯುತ್ತಿದೆ.

ನೀನು ಒಬ್ಬಳೇ ಇರುವಾಗ ಹೊಟ್ಟೆಗೆ ಸರಿಯಾಗಿ ತಿನ್ನು. ರಜೆಗೆ ಬಾ. ಬಂದರೆ ನನ್ನ ಎದುರಿಗೆ ಕೂತು ನಿಧಾನಕ್ಕೆ ಹೇಳು, ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಜುಲೈನಲ್ಲಿ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಹೇಳು.

ಇದರ ಮೇಲೆ ಹಲ್ಲಿನ ಗುರುತು ಬೀಳಬಾರದು ಅಂತ ಕೊಂಬಿಗೆ ಪ್ರೇಮಲತಾಳ ಹಳೇ ಸೀರೆಯ ಚೂರು ಸುತ್ತಿ ಕಚ್ಚಿ ನೋಡಿದೆ. ಬಟ್ಟೆ ಇದ್ದರೆ ಏನೂ ಕೇಳಿಸಲಿಲ್ಲ. ಬಿಚ್ಚಿ ಹಾಕಿದೆ. ಹಾಗಾಗಿ ಇದಕ್ಕೂ ಗುರುತು ಇರುತ್ತದೆ.

ಧರ್ಮೇಶ